ಕೈಯೊಡ್ಡುವುದೆಲ್ಲ ಭಿಕ್ಷೆಯೇ?



ಎರಡು ತಿಂಗಳ ಹಿಂದಿನ ಮಾತು. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಕುಳಿತಿದ್ದಾಗ ಮೈಸೂರಿನಿಂದ ನನ್ನ ತಂಗಿಯ ಮಗನ ಫೋನು ಬಂತು. ಹುಡುಗ ಓದಿದ್ದು ಇಂಜಿನಿಯರಿಂಗು, ನುಡಿಸುವುದು ಗಿಟಾರು. ನಾಲ್ಕು ಜನ ಗೆಳೆಯರು ಸೇರಿ ಒಂದು ರಾಕ್ ತಂಡ ಕಟ್ಟಿಕೊಂಡಿದ್ದಾರೆ. ಕಾಲೇಜುಗಳಲ್ಲಿ, ಬೆಂಗಳೂರಿನ ಒಂದೆರಡು ಹೋಟೆಲುಗಳಲ್ಲಿ ಹಾಡಿ ಸ್ವಲ್ಪ ಹೆಸರೂ ಮಾಡಿದ್ದಾರೆ.

"ಮಾವ, ನಾವೊಂದು ರೆಕಾರ್ಡ್ ಮಾಡ್ತಿದೀವಿ. ಎಂಟು ಹಾಡು, ಎಲ್ಲಾ ಕನ್ನಡ, ಎಲ್ಲಾ ನಮ್ಮದೇ. ಯಾವ ಕಂಪನಿ ಹತ್ರಾನೂ ಹೋಗಬಾರದು ಅಂತ ತೀರ್ಮಾನ ಮಾಡಿದೀವಿ. ನಮ್ಮ ಹಾಡು ಕೇಳೋರ ಹತ್ರಾನೇ ದುಡ್ಡು ಕೇಳ್ತಿದೀವಿ. ಒಟ್ಟು ನಾಲ್ಕು ಲಕ್ಷ ಬೇಕು. ನಿಮಗೂ ವಿವರ ಕಳಿಸಿದೀನಿ, ನೋಡಿ" ಎಂದ.

ನೋಡಿದೆ. ದೇವಸ್ಥಾನದ ಸೇವೆಗಳ ಪಟ್ಟಿಯ ಹಾಗೆ ಅಲ್ಲೂ ಒಂದು ಪಟ್ಟಿ ಇತ್ತು. 500 ರೂಪಾಯಿ ಕೊಟ್ಟವರಿಗೆ ಹಾಡುಗಳು ಎಲ್ಲರಿಗಿಂತ ಒಂದು ವಾರ ಮೊದಲು. 2,000 ಕೊಟ್ಟವರಿಗೆ ನಾಲ್ವರೂ ಸಹಿ ಹಾಕಿದ ಸೀಡಿ. 25,000 ಕೊಟ್ಟರೆ ಮನೆಗೇ ಬಂದು ಒಂದು ಸಂಜೆ ಹಾಡುತ್ತಾರೆ. ಒಂದು ಲಕ್ಷ ಕೊಟ್ಟವರ ಹೆಸರನ್ನು ಒಂದು ಹಾಡಿನ ಸಾಹಿತ್ಯದೊಳಗೇ ಸೇರಿಸುತ್ತಾರೆ!

ಅದೇ ರಾತ್ರಿ ತಂಗಿಯ ಫೋನು. "ಅಣ್ಣಾ, ಅವನಿಗೆ ಒಂದು ಕಾಸೂ ಕೊಡಬೇಡ. ಗೊತ್ತಿದ್ದವರು, ಗೊತ್ತಿಲ್ಲದವರು, ಎಲ್ಲರ ಮುಂದೂ ಕೈಯೊಡ್ಡುತ್ತಾ ಇದಾನೆ. ನಮ್ಮ ಮನೇಲಿ ಇದುವರೆಗೆ ಯಾರಾದ್ರೂ ಹೀಗೆ ಕೈಯೊಡ್ಡಿದ್ದುಂಟಾ?" ಅವಳ ದನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ಅವಮಾನವಿತ್ತು.

"ಯೋಚನೆ ಮಾಡಿ ಹೇಳ್ತೀನಿ" ಎಂದು ಫೋನಿಟ್ಟೆ. ಆ ಯೋಚನೆಯೇ ಈ ಲೇಖನ. ನಾನು ಸಂಗೀತ ಬಲ್ಲವನಲ್ಲ, ತತ್ವಶಾಸ್ತ್ರವನ್ನೂ ಓದಿದವನಲ್ಲ. ರೋಗಿಗಳ ನಾಡಿ ಹಿಡಿದು ಜೀವನ ಮಾಡುವವನು. ತಪ್ಪಿದ್ದರೆ ತಿದ್ದಬೇಕು.

ಮೊದಲಿಗೆ ನಾವಿರುವ ಜಾಗವನ್ನೇ ನೋಡೋಣ. ಹೀಗೆ ಜನರ ಮುಂದೆ ಕೈಯೊಡ್ಡುವ ವಿದ್ಯೆಗೆ ನಮ್ಮ ಈ ಕೊಲ್ಲಿ ಪ್ರದೇಶವೇ ಒಂದು ಗುರುಕುಲ. ಇಲ್ಲಿಯ ಗ್ರೇಟ್‌ಫುಲ್ ಡೆಡ್ ತಂಡ 1971ರಲ್ಲೇ ತನ್ನ ರೆಕಾರ್ಡಿನ ಒಳಗೆ ಒಂದು ಪ್ರಕಟಣೆ ಅಚ್ಚು ಹಾಕಿಸಿ, ಅಭಿಮಾನಿಗಳು ತಮ್ಮ ವಿಳಾಸ ಬರೆದು ಕಳಿಸಬೇಕೆಂದು ಕೇಳಿಕೊಂಡಿತ್ತು. ಕಂಪನಿಯನ್ನು ನಡುವೆ ಬಿಟ್ಟುಕೊಳ್ಳದೆ ಕೇಳುಗರೊಡನೆ ನೇರ ಸಂಬಂಧ ಇಟ್ಟುಕೊಳ್ಳುವ ದಾರಿ ಅದು. ಜನರಿಂದ ಹಣ ಕೂಡಿಸಲು ಅನುವು ಮಾಡಿಕೊಡುವ ಇಂಡಿಗೊಗೊ ಸಂಸ್ಥೆ ಶುರುವಾದದ್ದು 2008ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಕಲಾವಿದರಿಗೆ ಅಭಿಮಾನಿಗಳು ತಿಂಗಳು ತಿಂಗಳು ಇಷ್ಟಿಷ್ಟು ಎಂದು ಕೊಡುವ ಪೇಟ್ರಿಯಾನ್ ಕೂಡ ಅದೇ ಊರಿನದು. 2013ರಲ್ಲಿ ಅದನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಜ್ಯಾಕ್ ಕಾಂಟೆ ಸ್ವತಃ ಸಂಗೀತಗಾರರು. ಆದ್ದರಿಂದ ನೆವಾರ್ಕಿನಲ್ಲಿ ಕುಳಿತು ನಾನು "ಇದೆಂಥ ಹೊಸ ಹುಚ್ಚು" ಎನ್ನುವ ಹಾಗಿಲ್ಲ.

ನಿಜ ಹೇಳಬೇಕೆಂದರೆ ಇದು ಹೊಸದೂ ಅಲ್ಲ. 1784ರಲ್ಲಿ ವಿಯೆನ್ನಾ ನಗರದಲ್ಲಿ ಮೊಟ್ಸಾರ್ಟ್ ತನ್ನ ಕಛೇರಿಗಳಿಗೆ ಮುಂಗಡ ಚಂದಾ ಎತ್ತಿದ್ದ. ಚಂದಾ ಕೊಟ್ಟ 174 ಜನರ ಹೆಸರನ್ನು ಪಟ್ಟಿ ಮಾಡಿ ತಂದೆಗೆ ಹೆಮ್ಮೆಯಿಂದ ಕಾಗದ ಬರೆದಿದ್ದ. ನಮ್ಮ ಕಾಲಕ್ಕೆ ಬಂದರೆ ಇಂಗ್ಲೆಂಡಿನ ಮೆರಿಲಿಯನ್ ಎಂಬ ರಾಕ್ ತಂಡದ ಕಥೆ ಇದೆ. 1997ರಲ್ಲಿ ಆ ತಂಡಕ್ಕೆ ಅಮೆರಿಕಕ್ಕೆ ಬಂದು ಹಾಡಲು ದುಡ್ಡಿರಲಿಲ್ಲ. ಇಲ್ಲಿಯ ಅಭಿಮಾನಿಗಳು ತಾವಾಗಿಯೇ ಸುಮಾರು 60,000 ಡಾಲರ್ ಕೂಡಿಸಿ ಕರೆಸಿಕೊಂಡರು. ಅದರಿಂದ ಧೈರ್ಯ ಬಂದ ತಂಡ, ಮುಂದಿನ ಒಂದು ರೆಕಾರ್ಡಿಗೆ ಅಭಿಮಾನಿಗಳನ್ನೇ ಕೇಳಿತು: "ನಾವಿನ್ನೂ ಒಂದು ಸ್ವರವನ್ನೂ ರೆಕಾರ್ಡ್ ಮಾಡಿಲ್ಲ, ಈಗಲೇ ಕೊಂಡುಕೊಳ್ಳುತ್ತೀರಾ?" 12,674 ಜನ ಮುಂಗಡ ಕೊಟ್ಟರು. 2001ರಲ್ಲಿ ಆ ರೆಕಾರ್ಡು ಹೊರಬಂತು. ಕೊಟ್ಟವರ ಹೆಸರು ಒಳಗಿನ ಪುಟಗಳಲ್ಲಿ ಅಚ್ಚಾಯಿತು.

ನಮ್ಮಲ್ಲೂ ಉದಾಹರಣೆಗಳಿಗೆ ಬರವಿಲ್ಲ. 1976ರ 'ಮಂಥನ್' ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲೆಗೆ ಎರಡೆರಡು ರೂಪಾಯಿ ಹಾಕಿದ್ದರು. ನಮ್ಮ ಗಿರೀಶ ಕಾರ್ನಾಡರು ಅದರಲ್ಲಿ ದನದ ಡಾಕ್ಟರ ಪಾತ್ರ ಮಾಡಿದ್ದಾರೆ. 2013ರಲ್ಲಿ ತೆರೆಕಂಡ ಪವನ್ ಕುಮಾರರ 'ಲೂಸಿಯಾ' ನಿಮಗೆಲ್ಲ ನೆನಪಿರಬೇಕು. ನಿರ್ಮಾಪಕರು ಸಿಗದೆ ಬೇಸತ್ತ ಆ ಯುವಕ ನೇರವಾಗಿ ಪ್ರೇಕ್ಷಕರನ್ನೇ ಕೇಳಿದರು. ನೂರಕ್ಕೂ ಹೆಚ್ಚು ಜನ ಒಂದು ತಿಂಗಳೊಳಗೆ ಅರ್ಧ ಕೋಟಿಯಷ್ಟು ರೂಪಾಯಿ ಕೂಡಿಸಿಕೊಟ್ಟರು. ಆ ಚಿತ್ರ ಅದೇ ವರ್ಷ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಗಳಿಸಿತು. ಇನ್ನು ರಾಕ್ ತಂಡವೇ ಬೇಕೆಂದರೆ, ಬೆಂಗಳೂರಿನ ಸ್ವರಾತ್ಮ ತಂಡ ತನ್ನ ಮೂರನೆಯ ಆಲ್ಬಮ್ಮಿಗೆ ಅಭಿಮಾನಿಗಳಿಂದಲೇ ಹಣ ಕೂಡಿಸಿತು. 2018ರಲ್ಲಿ ಬಂದ ಆ ಆಲ್ಬಮ್ಮಿನ ಹೆಸರು 'ರಾಹ್-ಎ-ಫಕೀರಾ'. ಅಂದರೆ ಫಕೀರನ ದಾರಿ! ಕೈಯೊಡ್ಡುವವರಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕೀತೇ?

ಫಕೀರನ ದಾರಿ ಎಂದೊಡನೆ ನನ್ನ ಮನಸ್ಸು ಇನ್ನೂ ಹಿಂದಕ್ಕೆ ಓಡಿತು. ಪುರಂದರದಾಸರು ನವಕೋಟಿ ಸಂಪತ್ತನ್ನು ಬಿಟ್ಟು ತಂಬೂರಿ ಹಿಡಿದು ಮನೆಮನೆಯ ಮುಂದೆ ನಿಂತರೆಂಬ ಕಥೆಯನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಮಂಡ್ಯ, ಚಾಮರಾಜನಗರದ ಕಡೆ ಮಂಟೇಸ್ವಾಮಿಯ ಕಾವ್ಯ ಹಾಡುವ ನೀಲಗಾರರಿಗೆ ಜೋಳಿಗೆ ಅವಮಾನವಲ್ಲ, ದೀಕ್ಷೆಯ ಗುರುತು. ಕಾದಂಬರಿಕಾರ ಗಳಗನಾಥರು (1869-1942) ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಬೆಂಗಳೂರಿನ ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವ 1939ರಿಂದ ನಡೆದುಬಂದದ್ದು ದಾನಿಗಳ, ರಸಿಕರ ಕೊಡುಗೆಯ ಬಲದಿಂದಲೇ. ಹೀಗಿರುವಾಗ ದಾಸರು ಬೇಡಿದರೆ ಭಕ್ತಿ, ಗಿಟಾರಿನ ಹುಡುಗ ಬೇಡಿದರೆ ಮಾನಹಾನಿ ಎನ್ನುವುದು ಹೇಗೆ?

ಇಷ್ಟಕ್ಕೇ ಮುಗಿಸಿ ತಂಗಿಗೆ ಫೋನು ಮಾಡಿಬಿಡಬಹುದಿತ್ತು. ಆದರೆ ಹಿಂದಿನವರು ಮಾಡಿದ್ದಾರೆ ಎಂಬ ಒಂದೇ ಕಾರಣಕ್ಕೆ ಯಾವುದೂ ಸರಿಯಾಗುವುದಿಲ್ಲ. ಹಿಂದಿನವರು ಹಾಕಿಸಿಕೊಂಡ ಬರೆಗಳನ್ನೂ ನಾವು ಕಂಡಿದ್ದೇವೆ. ಆದ್ದರಿಂದ ಆಕ್ಷೇಪಗಳನ್ನೂ ಒಂದೊಂದಾಗಿ ನೋಡಬೇಕು.

ಮೊದಲನೆಯದು ವೈದ್ಯನಾಗಿ ನನ್ನನ್ನು ಬಹಳ ಕಾಡಿದ್ದು. ಡಂಬಾರ್ಟನ್ ಸೇತುವೆ ದಾಟಿ ಆಚೆ ದಡದಲ್ಲಿ ಸ್ವಲ್ಪ ಉತ್ತರಕ್ಕೆ ಹೋದರೆ ರೆಡ್‌ವುಡ್ ಸಿಟಿ. ಗೋ ಫಂಡ್ ಮಿ ಸಂಸ್ಥೆ ನೆಲೆಯೂರಿದ ಊರು ಅದು. 2010ರಲ್ಲಿ ಹುಟ್ಟಿದ ಆ ಸಂಸ್ಥೆಯ ಮೂಲಕ ಮದುವೆಗೆ, ಓದಿಗೆ, ಪ್ರವಾಸಕ್ಕೆ ಜನ ಹಣ ಕೇಳಿಯಾರು ಎಂದು ಎಲ್ಲರೂ ಎಣಿಸಿದ್ದರು. ಆದರೆ ಅಲ್ಲಿ ಕೂಡುವ ಹಣದಲ್ಲಿ ಸುಮಾರು ಮೂರನೆಯ ಒಂದು ಭಾಗ ಆಸ್ಪತ್ರೆಯ ಖರ್ಚಿಗೆ ಹೋಗುತ್ತದೆಂದು ಅದರ ಮುಖ್ಯಸ್ಥರೇ 2019ರಲ್ಲಿ ಹೇಳಿದರು. ಕೀಮೋಥೆರಪಿ ನಡೆಯುತ್ತಿರುವಾಗ ತನ್ನ ಬೋಳು ತಲೆಯ ಫೋಟೋ ಹಾಕಿ ಹಣ ಕೇಳಿದ ರೋಗಿಯನ್ನು ನಾನು ಕಂಡಿದ್ದೇನೆ. "ಡಾಕ್ಟರ್, ಕಾಯಿಲೆಗಿಂತ ಆ ಫೋಟೋ ಹಾಕುವುದೇ ಕಷ್ಟವಾಯಿತು" ಎಂದಾಕೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. ಅಂಥವರು ಕೈಯೊಡ್ಡುತ್ತಿರುವ ಕಾಲದಲ್ಲಿ ಹಾಡಿಗಾಗಿ ಕೈಯೊಡ್ಡುವುದು ಸರಿಯೇ? ನನ್ನಲ್ಲಿ ಇರುವ ಎರಡು ಸಾವಿರ ರೂಪಾಯಿ ಯಾರಿಗೆ ಸೇರಬೇಕು?

ಬಹಳ ದಿನ ಇದಕ್ಕೆ ಉತ್ತರ ಹೊಳೆಯಲಿಲ್ಲ. ಕೊನೆಗೆ ಅನಿಸಿದ್ದು ಇಷ್ಟು: ಇವೆರಡೂ ಒಂದೇ ಬಗೆಯ ಕೇಳಿಕೆಯಲ್ಲ. ಆ ಹೆಂಗಸು ಕೇಳಬೇಕಾಗಿ ಬಂದದ್ದೇ ತಪ್ಪು. ಅದು ಆಕೆಯ ತಪ್ಪಲ್ಲ, ಸಮಾಜದ ತಪ್ಪು. ಔಷಧ ಕೊಡಿಸುವ ಹೊಣೆ ನಮ್ಮೆಲ್ಲರದು. ಅದನ್ನು ಆಕೆಯ ಗೆಳೆಯರ ದಯೆಗೆ ಬಿಟ್ಟಿದ್ದೇವೆ. ಶ್ರೀಮಂತ ಗೆಳೆಯರಿರುವ ರೋಗಿಗೆ ಹೆಚ್ಚು, ಬಡ ಗೆಳೆಯರಿರುವ ರೋಗಿಗೆ ಕಡಿಮೆ ಎಂಬ ಅನ್ಯಾಯವೂ ಅದರಲ್ಲಿ ಸೇರಿದೆ. ಹಾಡುಗಾರನ ಕೇಳಿಕೆ ಹಾಗಲ್ಲ. ಅವನು ತನ್ನ ಕಷ್ಟವನ್ನು ತೋರಿಸಿ ಕೇಳುತ್ತಿಲ್ಲ, ತನ್ನ ಕೆಲಸವನ್ನು ತೋರಿಸಿ ಕೇಳುತ್ತಿದ್ದಾನೆ. "ಇದು ನಿಮಗೆ ಬೇಕೇ?" ಎಂಬುದು ಅವನ ಪ್ರಶ್ನೆ. "ಬೇಡ" ಎಂದರೆ ಅವನು ಸಾಯುವುದಿಲ್ಲ. ಬೇಡವೆನ್ನುವ ಹಕ್ಕು ನನಗಿದೆ. ರೋಗಿಯ ಮುಂದೆ ನನಗೆ ಆ ಹಕ್ಕಿಲ್ಲ. ಆದ್ದರಿಂದ ಮೊದಲು ರೋಗಿಯ ಪಾಲನ್ನು ತೆಗೆದಿಟ್ಟು, ಸಿನಿಮಾಕ್ಕೂ ಕಾಫಿಗೂ ಖರ್ಚು ಮಾಡುವ ಪಾಲಿನಿಂದ ಹಾಡಿಗೆ ಕೊಡಬಹುದು. ಆ ಪಾಲಿನಲ್ಲಿ ಹಾಡು ಕಾಫಿಗಿಂತ ಕೀಳೇನೂ ಅಲ್ಲ.

ಎರಡನೆಯ ಆಕ್ಷೇಪ ಕೊಡುವವನ ಅಹಂಕಾರದ್ದು. ಇಲ್ಲಿ ನಾನು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅನೇಕ ವರ್ಷಗಳ ಹಿಂದೆ ಭಾರತದಿಂದ ಬಂದ ಒಬ್ಬ ಹಿರಿಯ ಗಾಯಕರ ಕಾರ್ಯಕ್ರಮಕ್ಕೆ ನಾನೊಂದು ದೊಡ್ಡ ಚೆಕ್ಕು ಕೊಟ್ಟಿದ್ದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಅವರು ದಾಸರ ಪದವೊಂದನ್ನು ವಿಸ್ತಾರವಾಗಿ ಎತ್ತಿಕೊಂಡಾಗ ನನಗೆ ಬೇಸರವಾಗಿ, ಚೀಟಿ ಬರೆದು ಒಂದು ಹಳೆಯ ಸಿನಿಮಾ ಹಾಡು ಬೇಕೆಂದು ಕಳಿಸಿದೆ. ಅವರು ಆಗಲೇ ಒಮ್ಮೆ ಹಾಡಿದ್ದ ಹಾಡದು. ಅವರು ಚೀಟಿ ಓದಿದರು, ಯಾರು ಕಳಿಸಿದ್ದೆಂದು ಪಕ್ಕದವರನ್ನು ಕೇಳಿದರು, ನನ್ನ ಕಡೆ ನೋಡಿ ಸ್ವಲ್ಪ ನಕ್ಕರು. ದಾಸರ ಪದವನ್ನು ಅಲ್ಲಿಗೇ ಮುಗಿಸಿ ಸಿನಿಮಾ ಹಾಡು ಹಾಡಿದರು. ಸಭೆ ಚಪ್ಪಾಳೆ ತಟ್ಟಿತು. ಆ ನಗು ಮಾತ್ರ ನನಗೆ ಇವತ್ತಿಗೂ ಮರೆಯದು. ನಾನು ಕೊಟ್ಟದ್ದು ಕೊಡುಗೆಯಲ್ಲ, ಹಗ್ಗ. ಒಂದು ತುದಿ ನನ್ನ ಕೈಯಲ್ಲೇ ಇತ್ತು.

ಹಿಂದೆ ರಾಜರು, ಜಮೀನುದಾರರು ಹಿಡಿಯುತ್ತಿದ್ದ ಹಗ್ಗವೂ ಇದೇ. ಇದನ್ನು ಯೋಚಿಸುವಾಗ ನನಗೆ ಅನ್ನಿಸಿದ್ದು, ನೂರಾರು ಜನ ಸ್ವಲ್ಪ ಸ್ವಲ್ಪ ಕೊಡುವುದರಲ್ಲಿ ಒಂದು ದೊಡ್ಡ ಗುಣವಿದೆ ಎಂದು. ಎರಡು ರೂಪಾಯಿ ಹಾಕಿದ ಹಾಲಿನವರಲ್ಲಿ ಯಾರೂ ಶ್ಯಾಮ್ ಬೆನೆಗಲ್ಲರಿಗೆ ಚೀಟಿ ಕಳಿಸಿ "ಇಲ್ಲೊಂದು ಹಾಡು ಹಾಕಿ" ಎನ್ನುವ ಸ್ಥಿತಿಯಲ್ಲಿರಲಿಲ್ಲ. ಎಲ್ಲರಿಗೂ ಸೇರಿದ್ದು ಯಾರ ಸ್ವತ್ತೂ ಅಲ್ಲ.

ನಮ್ಮ ಕರಾವಳಿಯವರ ಹರಕೆ ಆಟ ಇದಕ್ಕಿಂತಲೂ ಸೊಗಸಾದ ಪಾಠ ಹೇಳುತ್ತದೆ. ಕಟೀಲಿನ ಮೇಳದಿಂದ ಒಂದು ರಾತ್ರಿ ಯಕ್ಷಗಾನ ಆಡಿಸುವ ಹರಕೆ ಹೊತ್ತವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಇಡೀ ರಾತ್ರಿಯ ಖರ್ಚು ಒಬ್ಬನದು. ನೋಡುವವರು ಊರಿನವರೆಲ್ಲ, ಟಿಕೆಟ್ಟಿಲ್ಲ, ಬಾಗಿಲಿಲ್ಲ. ಹಣ ಕೊಟ್ಟವನಿಗೆ ಸಿಗುವುದು ದೇವಿಯ ಪ್ರಸಾದ ಮಾತ್ರ. ಕೊಟ್ಟವನೊಬ್ಬ, ಪಡೆದವರು ಎಲ್ಲರೂ. ಆಟ ಆಡಿಸಿದವನಿಗೆ ಮರ್ಯಾದೆಯುಂಟು, ಆಟದ ಮೇಲೆ ಯಜಮಾನಿಕೆಯಿಲ್ಲ.

ಮೂರನೆಯದು ಹೆಚ್ಚಿಗೆ ಬಂದದ್ದರ ಪ್ರಶ್ನೆ. 2012ರಲ್ಲಿ ಅಮಾಂಡಾ ಪಾಮರ್ ಎಂಬ ಅಮೆರಿಕದ ಗಾಯಕಿ ತನ್ನ ರೆಕಾರ್ಡಿಗೆ ಒಂದು ಲಕ್ಷ ಡಾಲರ್ ಕೇಳಿದರು. ಸುಮಾರು ಇಪ್ಪತ್ತೈದು ಸಾವಿರ ಜನ ಸೇರಿ ಹನ್ನೊಂದು ಲಕ್ಷ ತೊಂಬತ್ತು ಸಾವಿರ ಡಾಲರಿಗೂ ಮಿಕ್ಕಿ ಕೊಟ್ಟರು! ಅದಾದ ಮೇಲೆ ಊರೂರಿನ ಪ್ರವಾಸ ಹೊರಟಾಗ ಆಕೆ ಸ್ಥಳೀಯ ವಾದ್ಯಗಾರರನ್ನು ಸಂಬಳವಿಲ್ಲದೆ, ಬಿಯರು ಮತ್ತು ಪ್ರೀತಿಯ ಅಪ್ಪುಗೆಗೆ ಬಂದು ನುಡಿಸಿರೆಂದು ಕರೆದರು. ಜನ ರೇಗಿದರು. ಕೊನೆಗೆ ಆಕೆ ಹಣ ಕೊಡಲು ಒಪ್ಪಿದರು. ಆಕೆಯ ಮನಸ್ಸು ಕೆಟ್ಟದ್ದಿರಲಿಲ್ಲವೇನೋ. ಪ್ರೀತಿಯಿಂದ ಪಡೆದವರಿಗೆ ಎಲ್ಲವೂ ಪ್ರೀತಿಯಿಂದಲೇ ಸಿಗಬೇಕೆಂಬ ಭ್ರಮೆ ಹುಟ್ಟುವುದು ಸಹಜ.

ಇದಕ್ಕೆ ಮದ್ದು ನಮ್ಮ ಹನ್ನೆರಡನೆಯ ಶತಮಾನದಲ್ಲೇ ಇದೆ. ಆಯ್ದಕ್ಕಿ ಮಾರಯ್ಯ ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಇಷ್ಟು ನಮಗೆ ಬೇಡ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಅಟ್ಟಿದಳು. ಆಯುವುದು ನಾಚಿಕೆಯಲ್ಲ, ಅದು ಕಾಯಕ. ಹೆಚ್ಚಿಗೆ ಆಯ್ದರೆ ಅದೇ ಆಸೆಯಾಗುತ್ತದೆ. ಕೈಯೊಡ್ಡುವವರ ಮನೆಯಲ್ಲಿ ಒಬ್ಬ ಲಕ್ಕಮ್ಮ ಇರಬೇಕು.

ಲೆಕ್ಕದ ವಿಚಾರವೂ ಇಲ್ಲೇ ಬರುತ್ತದೆ. ಕಲಾವಿದರ ಪರವಾಗಿ ಅಭಿಮಾನಿಗಳ ಹಣ ಸಂಗ್ರಹಿಸುತ್ತಿದ್ದ ಪ್ಲೆಡ್ಜ್ ಮ್ಯೂಸಿಕ್ ಎಂಬ ಸಂಸ್ಥೆ 2019ರಲ್ಲಿ ಕುಸಿದುಬಿತ್ತು. ಅಭಿಮಾನಿಗಳು ಕೊಟ್ಟಾಗಿತ್ತು, ಕಲಾವಿದರ ಕೈಗೆ ಬರಲಿಲ್ಲ. ಹಾಡು ಕೊಡುವೆನೆಂದು ಮಾತು ಕೊಟ್ಟವರು ಬರಿಗೈಯಲ್ಲಿ ನಿಂತರು. ನಂಬಿಕೆಯ ದುಡ್ಡಿಗೆ ಸ್ವಂತ ದುಡ್ಡಿಗಿಂತ ಬಿಗಿಯಾದ ಲೆಕ್ಕ ಬೇಕು.

ಈಗ ತಂಗಿಯ ಪ್ರಶ್ನೆಗೆ ಬರುತ್ತೇನೆ. "ನಮ್ಮ ಮನೇಲಿ ಯಾರಾದ್ರೂ ಕೈಯೊಡ್ಡಿದ್ದುಂಟಾ?"

ಉಂಟು. ಅದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

1996ರಲ್ಲಿ ನಾನು ರೆಸಿಡೆನ್ಸಿಗೆಂದು ಈ ದೇಶಕ್ಕೆ ಹೊರಡುವ ಹಿಂದಿನ ರಾತ್ರಿ. ವಿಮಾನದ ಟಿಕೆಟ್ಟಿಗೆ ಅಪ್ಪ ನಾಲ್ಕು ಜನರ ಹತ್ತಿರ ಸಾಲ ಮಾಡಿದ್ದರು. ನನಗೆ ನಾಚಿಕೆಯಾಗಿ, "ನನ್ನಿಂದ ನೀವು ಊರವರ ಮುಂದೆ ಕೈಯೊಡ್ಡಬೇಕಾಯಿತು" ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಹೈಸ್ಕೂಲು ಓದಿದ್ದು ವಾರಾನ್ನ ಮಾಡಿಕೊಂಡು. ಏಳು ದಿನಕ್ಕೆ ಏಳು ಮನೆ. ಗುರುವಾರದ ಮನೆಯವರು ಊರಿಗೆ ಹೋದರೆ ಗುರುವಾರ ಉಪವಾಸ" ಎಂದರು. ಅಷ್ಟೇ. ಅದಕ್ಕಿಂತ ಮೊದಲೂ ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ. ಈಗ ಅವರಿಲ್ಲ.

ವಾರಾನ್ನವೆಂದರೇನೆಂದು ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಓದಲು ಊರು ಬಿಟ್ಟು ಬಂದ ಬಡ ಹುಡುಗ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ಪದ್ಧತಿ. ಯಾವ ಒಂದು ಮನೆಗೂ ಹೊರೆಯಿಲ್ಲ. ಹುಡುಗ ಯಾರೊಬ್ಬರ ಆಳೂ ಅಲ್ಲ. ನಮ್ಮ ನಾಡಿನಲ್ಲಿ ಹಿಂದಿನ ತಲೆಮಾರಿನ ಎಷ್ಟು ಮೇಷ್ಟರುಗಳು, ವಕೀಲರು, ವಿದ್ವಾಂಸರು ಹೀಗೆ ಓದಿದವರು! ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು (1907-2019) ಊರೂರು ಸುತ್ತಿ ಭಿಕ್ಷೆ ತಂದು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟದ್ದೂ ಇದರ ದೊಡ್ಡ ರೂಪವೇ. ಆದರೆ ವಾರಾನ್ನಕ್ಕೂ ಒಂದು ಕಹಿ ಇತ್ತೆಂಬುದನ್ನು ಮರೆಯಬಾರದು. ಎಲ್ಲ ಜಾತಿಯ ಹುಡುಗರಿಗೂ ಆ ಬಾಗಿಲುಗಳು ತೆರೆದಿರಲಿಲ್ಲ. ಒಳಗೆ ಹೋದವನಿಗೂ ಕೆಲವು ಮನೆಗಳಲ್ಲಿ ಬೇರೆ ಎಲೆ, ಬೇರೆ ಮೂಲೆ. ಅಪ್ಪ ಏಕೆ ಬಾಯಿ ಬಿಡಲಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ.

ನಾನು ಮೊದಲ ವರ್ಷದ ಸ್ಟೈಪೆಂಡಿನಲ್ಲಿ ಉಳಿಸಿ ನಾಲ್ವರ ಸಾಲವನ್ನೂ ತೀರಿಸಿದೆ. ಅವರಲ್ಲಿ ಒಬ್ಬರು ಕಿರಾಣಿ ಅಂಗಡಿಯವರು. ಊರಿಗೆ ಹೋದಾಗ ನಾನೇ ಕೈಯಾರೆ ಕೊಟ್ಟೆ. ಅವರು ನೋಟುಗಳನ್ನು ನಿಧಾನವಾಗಿ ಎಣಿಸಿ, ಪೆಟ್ಟಿಗೆಗೆ ಹಾಕಿ, "ಲೆಕ್ಕ ಚುಕ್ತಾ ಆಯ್ತು. ಆದರೂ ಊರಿಗೆ ಬಂದಾಗಲೆಲ್ಲ ಅಂಗಡಿಗೆ ಬಂದು ಹೋಗಪ್ಪ" ಎಂದರು. ಸಾಲ ತೀರುತ್ತದೆ, ಋಣ ತೀರುವುದಿಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ತಿಳಿಸಿಲ್ಲ. ನಮ್ಮ ನೆವಾರ್ಕಿನ ಅಂಚಿನಲ್ಲಿ, ಕೊಲ್ಲಿಯ ನೀರನ್ನು ಕಟ್ಟಿ ವರ್ಷಗಟ್ಟಲೆ ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರಲ್ಲ, ಆ ಬಿಳಿಯ ರಾಶಿಗಳನ್ನು ಕಂಡಾಗಲೆಲ್ಲ ನನಗೆ ಉಪ್ಪಿನ ಋಣದ ಮಾತು ನೆನಪಾಗುತ್ತದೆ. ಅಪ್ಪ ಉಂಡ ಏಳು ಮನೆಗಳ ಉಪ್ಪಿನ ಮೇಲೆ ನನ್ನ ಎಂಬಿಬಿಎಸ್ಸು ನಿಂತಿದೆ, ನನ್ನ ತಂಗಿಯ ಬಿಎಸ್ಸಿ ನಿಂತಿದೆ, ಆ ಗಿಟಾರಿನ ಹುಡುಗನೂ ನಿಂತಿದ್ದಾನೆ.

ಅಪ್ಪ ಮುಚ್ಚಿಟ್ಟದ್ದನ್ನು ತಂಗಿಗೆ ಹೇಳಬೇಕೇ ಬೇಡವೇ ಎಂದು ಒಂದು ವಾರ ಯೋಚಿಸಿದೆ. ಹೇಳಿದೆ. ಬಹಳ ಹೊತ್ತು ಅವಳು ಮಾತಾಡಲಿಲ್ಲ. ಫೋನು ಕಡಿದುಹೋಯಿತೇನೋ ಎಂದುಕೊಂಡೆ. ಆಮೇಲೆ, "ಅದಕ್ಕೇ ಇರಬೇಕು ಅಣ್ಣಾ, ಅಪ್ಪ ಒಂದು ದಿನವೂ ಅಡಿಗೇಲಿ ಕೊಂಕು ತೆಗೀಲಿಲ್ಲ" ಎಂದಳು. ಮಗನ ವಿಚಾರ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹುಡುಗನ ಜೊತೆ ಮಾತ್ರ ಬೇರೆಯಾಗಿ ಜಗಳವಾಡಿದೆ. "ಒಂದು ಲಕ್ಷ ಕೊಟ್ಟವರ ಹೆಸರು ಹಾಡಿನೊಳಗೆ ಹಾಕ್ತೀನಿ ಅಂತಿದೆಯಲ್ಲ, ಅದನ್ನು ತೆಗೆದುಹಾಕು. ಮಿಕ್ಕದ್ದೆಲ್ಲ ಸರಿ. ಸೀಡಿ ಮಾರು, ಸಂಜೆ ಮಾರು, ನಿನ್ನ ಸಹಿ ಮಾರು. ಹಾಡಿನ ಒಳಗನ್ನು ಮಾರಬೇಡ" ಎಂದೆ. ನನ್ನ ಹಳೆಯ ಚೀಟಿಯ ಕಥೆಯನ್ನೂ ಹೇಳಿದೆ.

ಅವನು ನಗುತ್ತ, "ಮಾವ, ಒಂದು ಲಕ್ಷ ಇನ್ಯಾರು ಕೊಡ್ತಾರೆ? ಅದನ್ನ ನಿಮಗೋಸ್ಕರಾನೇ ಹಾಕಿದ್ದು!" ಎಂದ.

ನನಗೆ ನಗು ಬಂತು. ಸ್ವಲ್ಪ ಚುಚ್ಚಿತು ಕೂಡ. ಊರಿನಲ್ಲಿ ನಾವು ಹೇಗೆ ಕಾಣುತ್ತೇವೆ ನೋಡಿ! ಚೆಕ್ಕು ಬರೆದು, ಹೆಸರು ಕಂಡರೆ ಹಿಗ್ಗುವ ಅಮೆರಿಕದ ಮಾವ. ತಪ್ಪು ಅವನದಲ್ಲ, ನಾವು ಹಾಗೆ ನಡೆದುಕೊಂಡು ಬಂದಿದ್ದೇವೆ.

ಕೊನೆಗೆ ನಾನು ಕೊಟ್ಟದ್ದು ಎರಡು ಸಾವಿರ ರೂಪಾಯಿ, ಸಹಿಯಿರುವ ಸೀಡಿಗೆ. ಜಿಪುಣತನವೆಂದು ನೀವು ನಗಬಹುದು. ನಾಲ್ಕು ಲಕ್ಷವನ್ನೂ ನಾನೊಬ್ಬನೇ ಕೊಡುವುದು ಈ ದೇಶದಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ದುಡಿದವನಿಗೆ ಅಸಾಧ್ಯವೇನಲ್ಲ. ಆದರೆ ಹಾಗೆ ಕೊಟ್ಟರೆ ತಮ್ಮ ಹಾಡು ಇನ್ನೂರು ಜನಕ್ಕೆ ನಿಜವಾಗಿ ಬೇಕಾಗಿದೆಯೇ ಇಲ್ಲವೇ ಎಂಬುದು ಆ ನಾಲ್ವರಿಗೆ ಎಂದೂ ತಿಳಿಯುವುದಿಲ್ಲ. ಸೋದರಮಾವನ ಚೆಕ್ಕು ಅವರನ್ನು ಜನರಿಂದ ತಪ್ಪಿಸಿಬಿಡುತ್ತದೆ. ಕೈಯೊಡ್ಡುವುದರಲ್ಲಿ ಬೇಡವೆನ್ನಿಸಿಕೊಳ್ಳುವ ಅಪಾಯವಿದೆ. ಆ ಅಪಾಯವೇ ಅದನ್ನು ಪ್ರಾಮಾಣಿಕವಾಗಿಸುವುದು. ಹುಡುಗನ ಮನೆಬಾಡಿಗೆಗೆ ಕಷ್ಟವಾದರೆ ಮಾವನಾಗಿ ಕೊಡುತ್ತೇನೆ, ಅದು ಬೇರೆಯ ಲೆಕ್ಕ. ಇದನ್ನು ಹೇಳಿದಾಗ ಅವನಿಗೆ ಬೇಸರವಾಯಿತು. "ಸರಿ ಮಾವ" ಎಂದಷ್ಟೇ ಹೇಳಿ ಫೋನಿಟ್ಟ. ಎರಡು ದಿನ ಬಿಟ್ಟು ನೋಡಿದರೆ ಪಟ್ಟಿಯಲ್ಲಿ ಒಂದು ಲಕ್ಷದ ಸಾಲು ಇರಲಿಲ್ಲ.

ನಾನು ಸರಿಯಾದದ್ದನ್ನೇ ಮಾಡಿದೆನೋ ಎಂಬುದು ಖಚಿತವಿಲ್ಲ. ಇದನ್ನು ಬರೆಯುವ ಹೊತ್ತಿಗೆ ಅವರಿಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಣ ಕೂಡಿದೆ, ಗಡುವಿಗೆ ಮೂರು ವಾರವಿದೆ. ಕೂಡದೆ ಹೋದರೆ ಎಲ್ಲರ ದುಡ್ಡೂ ವಾಪಸ್ಸು, ರೆಕಾರ್ಡಿಲ್ಲ. ಆಗ ನನ್ನ ಸಿದ್ಧಾಂತಕ್ಕೆ ಎಂಟು ಹಾಡು ಬಲಿಯಾದವು ಎಂದು ತಂಗಿ ಬೈಯಬಹುದು. ಬೈಸಿಕೊಳ್ಳುತ್ತೇನೆ.

ಆ ತಂಡದ ಹೆಸರನ್ನು ನಾನಿಲ್ಲಿ ಬೇಕೆಂದೇ ಬರೆದಿಲ್ಲ. ಬರೆದರೆ ನಮ್ಮ ಕೂಟದವರು, "ಡಾಕ್ಟರ ಸೋದರಳಿಯ, ಕೊಡದಿದ್ದರೆ ಚೆನ್ನಾಗಿರೋಲ್ಲ" ಎಂದು ದಾಕ್ಷಿಣ್ಯಕ್ಕೆ ಕೊಟ್ಟಾರು. ದಾಕ್ಷಿಣ್ಯಕ್ಕೆ ಬಸುರಾಗುವುದರ ಕಷ್ಟ ವೈದ್ಯರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೇಡವೆನ್ನಲು ಬಾರದ ಜಾಗದಲ್ಲಿ ಕೇಳುವುದೇ ನಿಜವಾದ ಭಿಕ್ಷೆ. ಅಥವಾ ಸುಲಿಗೆ.

ಒಂದು ಮಾತು ಹೇಳಿ ಮುಗಿಸುತ್ತೇನೆ. ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯ ಜೆರಾಕ್ಸ್ ಖರ್ಚು, ಅಂಚೆ ಖರ್ಚು ಎಲ್ಲವೂ ಸದಸ್ಯರ ಚಂದಾ ಹಣದಿಂದ ಬರುವುದು. ಇದನ್ನು ಬರೆಯುವವರು, ಪ್ರತಿ ತೆಗೆಯುವವರು, ಮಡಿಸಿ ಸ್ಟಾಂಪು ಹಚ್ಚುವವರು ಯಾರೂ ಸಂಬಳ ಪಡೆಯುವವರಲ್ಲ. ವರ್ಷಕ್ಕೊಮ್ಮೆ ಚಂದಾ ಕೇಳಿ ಚೀಟಿ ಬಂದಾಗ ನಾವು ಯಾರೂ ಅದನ್ನು ಭಿಕ್ಷೆ ಎನ್ನುವುದಿಲ್ಲ. ಈ ಪುಟಗಳು ಬೇಕೆಂದವರು ಕೊಡುತ್ತಾರೆ, ಬೇಡವೆಂದವರು ಸುಮ್ಮನಿರುತ್ತಾರೆ. ಸುಮ್ಮನಿದ್ದವರೂ ಗೆಳೆಯರ ಮನೆಯಲ್ಲಿ ಓದುತ್ತಾರೆ. ಅದೂ ಒಂದು ಬಗೆಯ ಹರಕೆ ಆಟವೇ.

ನೀವೇನೆನ್ನುತ್ತೀರಿ?